ಆಟಗಾರರ ಮೂರು ಪಾಲು

ನಾನು ಬಸ್ ಕಂಡಕ್ಟರ್. ಅಫಜಲಪುರ ಡಿಪೋದಲ್ಲಿ ಕೆಲಸ. ಇಂಥವಳು ಇಂಗ್ಲೆಂಡಿನ ಯಾವುದೋ ಫುಟ್‌ಬಾಲ್ ತಂಡದ ಗೋಲ್‌ಕೀಪರನ ಮೊಣಕಾಲು ನೋವಿನ ಬಗ್ಗೆ ಚಿಂತೆ ಮಾಡುತ್ತಾಳೆ ಎಂದರೆ ಯಾರೂ ನಂಬುವುದಿಲ್ಲ. ಒಮ್ಮೆ ನಮ್ಮ ಡ್ರೈವರ್ ನನ್ನ ಸಪ್ಪೆ ಮುಖ ನೋಡಿ, "ಅವ ನಿಮಗ ಏನಾಗ್ಬೇಕ್ರಿ ಅಕ್ಕೋರ?" ಎಂದು ಕೇಳಿದರು. ಏನೂ ಆಗಬೇಕಿಲ್ಲ. ಆದರೆ ಆ ವರ್ಷ ಅವನು ನನ್ನ ಪಾಲಿಗೆ ಬಂದಿದ್ದ.

ಈ ಪಾಲಿನ ವಿಷಯವನ್ನೇ ಹೇಳಬೇಕೆಂದು ಕೂತಿದ್ದೇನೆ. ಆಟಗಾರರ ಪಾಲು ಪ್ರತಿ ವರ್ಷ ಆಗುತ್ತಿತ್ತು, ಅದು ನಗೆಚಾಟಿಕೆಯ ಮಾತು. ಆದರೆ ಒಂದು ವರ್ಷ ಅದರ ಜತೆಗೆ ಇನ್ನೊಂದು ಪ್ರಶ್ನೆಯೂ ಬಂದು ಕೂತಿತು. ಅಪ್ಪನ ಹೊಲದಲ್ಲಿ ನಮ್ಮ ತಂಗಿಗೆ ಪಾಲು ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಅದು.

ಮೊದಲಿಂದ ಹೇಳುತ್ತೇನೆ. ನಾವು ಮೂವರು ಒಡಹುಟ್ಟಿದವರು. ಅಣ್ಣ ಆಳಂದದ ತವರುಮನೆಯಲ್ಲಿ ಅವ್ವನ ಜತೆ ಇದ್ದಾನೆ, ಅಪ್ಪ ಈಗಿಲ್ಲ. ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಮಾದನಹಿಪ್ಪರಗಾ ರಸ್ತೆಯ ಕಡೆ ಅಪ್ಪನ ಹೊಲ ನೋಡಿಕೊಳ್ಳುತ್ತಾನೆ. ನಡುವಿನವಳು ನಾನು. ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. ಅವಳೂ ಗಂಡನೂ ಅಲ್ಲಿ ಬಾಡಿಗೆ ಮನೆಯೊಂದರ ಮುಂಭಾಗದಲ್ಲಿ ಖಾನಾವಳಿ ನಡೆಸುತ್ತಾರೆ. ಅವಳು ಬಡಿಯುವ ಜೋಳದ ರೊಟ್ಟಿ ತಿನ್ನಲು ಯಡ್ರಾಮಿ ಕಡೆಯಿಂದ ಕೆಲಸಕ್ಕೆ ಬಂದವರೂ ಕಾದು ಕೂರುತ್ತಾರೆ. ಇದು ನಾನು ತಂಗಿಯೆಂದು ಹೊಗಳುವ ಮಾತಲ್ಲ, ನನ್ನ ಬಸ್ಸಿನಲ್ಲೇ ಮಂದಿ ಆಡಿಕೊಳ್ಳುವುದನ್ನು ಕೇಳಿದ್ದೇನೆ.

ಕೊರೊನಾ ಕಾಲದಲ್ಲಿ ಅಣ್ಣ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕೂತಿದ್ದಾಗ ಮೊಬೈಲಿನಲ್ಲಿ ಒಂದು ಫುಟ್‌ಬಾಲ್ ಆಟ ಕಣ್ಣಿಗೆ ಬಿತ್ತಂತೆ. ಅಷ್ಟು ದೊಡ್ಡ ಮೈದಾನದಲ್ಲಿ ಆಡುವವರನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ನೋಡುವವರೇ ಇಲ್ಲದ ಮೇಲೆ ಇವರು ಯಾಕೆ ಹೀಗೆ ಜೀವ ಬಿಟ್ಟು ಓಡುತ್ತಾರೆ ಎಂದು ಅವನಿಗೆ ಸೋಜಿಗ. ಅದನ್ನು ನಮ್ಮಿಬ್ಬರಿಗೂ ಫೋನಿನಲ್ಲಿ ಹೇಳಿದ. ನಮಗೂ ಆಗ ಬಸ್ಸಿಲ್ಲ, ಖಾನಾವಳಿ ಇಲ್ಲ. ಮೂರು ಊರಿನಲ್ಲಿ ಮೂವರೂ ಕೂತು ನೀಲಿ ಅಂಗಿಯ ಅದೊಂದೇ ತಂಡವನ್ನು ನೋಡತೊಡಗಿದೆವು. ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ, ನಡುವೆ ಎಲ್ಲೋ ತೂಗಾಡುವ ತಂಡ. ಇನ್ನೊಂದು ತಂಡ ಹುಡುಕಬೇಕೆಂದು ಯಾರಿಗೂ ಅನಿಸಲಿಲ್ಲ.

ಫ್ಯಾಂಟಸಿ ಫುಟ್‌ಬಾಲ್ ಎಂಬುದೊಂದಿದೆ ಎಂದು ಕಂಡುಹಿಡಿದವನೂ ಅಣ್ಣನೇ. ಆಡುವವರು ಅಲ್ಲಿ, ಅಂಕ ಇಲ್ಲಿ. ನಾವು ಆರಿಸಿಕೊಂಡ ಆಟಗಾರ ನಿಜವಾದ ಆಟದಲ್ಲಿ ಗೋಲು ಹೊಡೆದರೆ ನಮಗೆ ಅಂಕ ಬರುತ್ತದೆ. ಗೆಳೆಯರು ಸೇರಿ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತಾರೆ. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಾವಿದ್ದದ್ದು ಮೂವರೇ, ನಮಗೆ ಇಡೀ ಲೀಗು ಯಾಕೆ? ಒಂದು ತಂಡದ ಇಪ್ಪತ್ತು ಚಿಲ್ಲರೆ ಮಂದಿ ಸಾಕು ಎಂದುಕೊಂಡೆವು. ಹಣ ಕಟ್ಟುವ ಮಾತಿಲ್ಲ. ನಾಗರಪಂಚಮಿಗೆ ಜೋಕಾಲಿ ಆಡಲು ನಾವಿಬ್ಬರು ಹೆಣ್ಣುಮಕ್ಕಳೂ ತವರಿಗೆ ಹೋಗುತ್ತೇವಲ್ಲ, ಆಗಲೇ ಅಲ್ಲಿ ಆಟದ ಹೊಸ ವರ್ಷವೂ ಶುರುವಾಗುತ್ತದೆ. ಹೋದ ವರ್ಷ ಸೋತವರು ಗೆದ್ದವರನ್ನು ಜೋಕಾಲಿಯಲ್ಲಿ ಕೂರಿಸಿ ತೂಗಬೇಕು. ಅಷ್ಟೇ ಪಣ.

ಮೊದಲ ವರ್ಷ ಅಣ್ಣ, ತಾನೇ ಹಿರಿಯ ಎಂದು ಮೊದಲು ಆರಿಸಿದ. ಯಾರನ್ನು? ತೋಳಿಗೆ ಪಟ್ಟಿ ಕಟ್ಟಿಕೊಂಡ ಕ್ಯಾಪ್ಟನ್ನನ್ನು. ಮನೆಗೆ ಯಜಮಾನನಿದ್ದಂತೆ ಅವನು, ಎಲ್ಲರಿಗಿಂತ ತೂಕದವನು ಅವನೇ ಇರಬೇಕು ಎಂಬುದು ಅವನ ಲೆಕ್ಕ. ನಮಗಾದರೂ ಬುದ್ಧಿ ಇತ್ತೇ? ಒಳ್ಳೆಯವನನ್ನು ಹೊಡೆದುಕೊಂಡ ಎಂದು ಇಬ್ಬರೂ ಜಗಳ ತೆಗೆದೆವು. ಆಮೇಲೆ ನೋಡಿದರೆ ಆ ಕ್ಯಾಪ್ಟನ್ ವಯಸ್ಸಾದ ಮನುಷ್ಯ. ಹಿಂದೆ ನಿಂತು ಎಲ್ಲರಿಗೂ ಕೈ ಮಾಡಿ ಹೇಳುವುದೇ ಅವನ ಕೆಲಸ. ವರ್ಷವಿಡೀ ಅವನಿಂದ ಅಣ್ಣನಿಗೆ ಸಿಕ್ಕ ಅಂಕ ಹೇಳಿಕೊಳ್ಳುವಂತಿರಲಿಲ್ಲ. ಮರುವರ್ಷ ಅಣ್ಣ ನನ್ನನ್ನೂ ತಂಗಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿ ಬೆವರು ಸುರಿಸುತ್ತಾ ಜೋಕಾಲಿ ತೂಗಿದ.

ಅದೇ ಹಬ್ಬದಲ್ಲಿ, ಈ ಸಲ ಮೊದಲು ಯಾರು ಆರಿಸಬೇಕು ಎಂಬ ಜಗಳ ಹತ್ತಿತು. ಮೂವರ ಗದ್ದಲ ಕೇಳಲಾರದೆ ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ನಿಮ್ಮಪ್ಪ, ನಿಮ್ಮ ಕಾಕಾ ಬ್ಯಾರೆ ಆಗೂ ಮುಂದ ಹೆಂಗ ಮಾಡಿದ್ರು ಗೊತ್ತದೇನು? ದೊಡ್ಡವ ಪಾಲು ಹಾಕಿದ, ಸಣ್ಣವ ಮೊದಲು ಎತ್ಕೊಂಡ. ಹಾಕಿದವಗ ಉಳಿದದ್ದು. ಹಂಗ ಮಾಡ್ರಿ, ಯಾರೂ ಬಾಯಿ ತಗೀದಂಗ ಆಗ್ತದ."

ಅಂದಿನಿಂದ ನಮ್ಮ ಡ್ರಾಫ್ಟು ಲೋಕದಲ್ಲಿ ಯಾರೂ ಮಾಡದ ರೀತಿಯಲ್ಲಿ ನಡೆಯಿತು. ಅಣ್ಣ ಆಟಗಾರರ ಹೆಸರು ಬರೆದ ಚೀಟಿಗಳನ್ನು ಮೂರು ತಾಟಿನಲ್ಲಿ ಹಾಕುವನು. ತಂಗಿ ಮೊದಲು ಒಂದು ತಾಟು ಎತ್ತಿಕೊಳ್ಳುವಳು, ಆಮೇಲೆ ನಾನು. ಉಳಿದ ತಾಟು ಅಣ್ಣನದು. ಎಲ್ಲಾದರೂ ಒಂದು ಪಾಲು ತೆಳುವಾದರೆ ಅದು ತನ್ನ ತಲೆಗೇ ಬರುತ್ತದೆಂದು ಅವನಿಗೆ ಗೊತ್ತು. ಹಾಗಾಗಿ ಮೂರನ್ನೂ ಸಮ ಮಾಡಲು ಅವನು ಪಡುವ ಪಾಡು ನೋಡುವುದೇ ನಮಗೆ ಹಬ್ಬ.

ಆ ಹೆಸರುಗಳು ನಮ್ಮ ನಾಲಿಗೆಗೆ ಹೊರಳುವುದಿಲ್ಲ. ಹೀಗಾಗಿ ಎಲ್ಲರಿಗೂ ಅಡ್ಡಹೆಸರು ಬಿದ್ದವು. ಮುಂದೆ ನಿಂತು ಗೋಲು ಹೊಡೆಯುವವನಿಗೆ ಅವ್ವ ಇಟ್ಟ ಹೆಸರು ಬೀಗರು. "ನಿಂತಲ್ಲೇ ನಿಲ್ತಾನ. ಎಲ್ಲಾ ಕಾಲಬುಡಕ್ಕ ತಂದು ಕೊಡ್ಬೇಕು. ಕೊಡೂದು ತಡ ಆದ್ರ ಕೈ ಬೀಸ್ತಾನ. ಬೀಗರಲ್ದ ಮತ್ತ ಯಾರು?" ಎಂದಳು ಹಣೆಯ ವಿಭೂತಿ ಸರಿ ಮಾಡಿಕೊಳ್ಳುತ್ತಾ. ಆ ಹೆಸರಿನಿಂದ ಆದ ಅನಾಹುತ ಕೇಳಿ. ಕೂತು ಉಣ್ಣುವ ಮನುಷ್ಯ ಎಂದು ಎರಡು ವರ್ಷ ನಮ್ಮಲ್ಲಿ ಯಾರೂ ಅವನಿಗೆ ಬೆಲೆಯನ್ನೇ ಕೊಡಲಿಲ್ಲ. ಅಣ್ಣ ಅವನನ್ನು ಜುಜುಬಿ ಎಂದು ಒಂದು ಗಟ್ಟಿ ತಾಟಿನಲ್ಲಿ ತೂಕಕ್ಕೆ ಸೇರಿಸಿಬಿಡುತ್ತಿದ್ದ. ಆ ತಾಟು ಎತ್ತಿಕೊಂಡವರು ವರ್ಷವಿಡೀ ಮೆರೆದರು. ತಂಡದ ಗೋಲುಗಳಲ್ಲಿ ಹೆಚ್ಚಿನವು ಅವನವೇ ಆಗಿದ್ದವು.

ಎಡಗಡೆ ಓಡುವವನೊಬ್ಬ ಗೋಲಿನ ಅವಕಾಶ ತಪ್ಪಿದರೂ ಮೊದಲು ಕೂದಲು ಸರಿ ಮಾಡಿಕೊಳ್ಳುತ್ತಿದ್ದ, ಅವನು ಮದುಮಗ. ನಡುವೆ ಆಡುವ ಎಂಟನೇ ನಂಬರಿನವನನ್ನು ತಂಗಿ ಕಂಡಕ್ಟರ್ ಎಂದಳು. "ಎಲ್ಲಾರ ಹಂತೇಕ ಹೋಗ್ತಾನ, ಎಲ್ಲಾರಿಗೂ ಕೊಡ್ತಾನ, ತಾ ಮಾತ್ರ ಎಲ್ಲೂ ಕುಂದ್ರೂದಿಲ್ಲ. ಅಕ್ಕಾ, ನಿನ್ನಂಗ ಅದಾನ ನೋಡು." ನನಗೆ ಸಿಟ್ಟು ಬಂತು. ಆದರೆ ಅವನನ್ನೇ ಗಮನಿಸತೊಡಗಿದ್ದೂ ನಿಜ.

ಆಟಗಾರನಿಗೆ ಬೆಲೆ ಕಟ್ಟುವುದು ಹೇಗೆ ಎಂಬ ಯೋಚನೆ ನನ್ನನ್ನು ಬಿಡಲೇ ಇಲ್ಲ. ಬೀಗರ ಅನಾಹುತ ಆದಮೇಲೆ ಅಣ್ಣ ಹೋದ ವರ್ಷದ ಅಂಕ ನೋಡತೊಡಗಿದ್ದ. ನನಗೆ ಅದು ಸಾಲದು ಎನಿಸುತ್ತಿತ್ತು. ಬಸ್ಸು ಹೊರಡುವುದಕ್ಕೆ ಮುಂಚೆ ನಿಲ್ದಾಣದಲ್ಲಿ ಕೂತು ಮೊಬೈಲಿನಲ್ಲಿ ತುಣುಕುಗಳನ್ನು ನೋಡುತ್ತಿದ್ದೆ. ತುಣುಕಿನಲ್ಲಿ ಎಲ್ಲರೂ ಶೂರರೇ. ಮದುಮಗನನ್ನು ನೋಡಿದರೆ ಅವನಿಲ್ಲದೆ ತಂಡವೇ ಇಲ್ಲ ಅನ್ನಬೇಕು. ಪೂರ್ತಿ ಆಟ ನೋಡಿದಾಗ ಅವನು ಮುಕ್ಕಾಲು ಹೊತ್ತು ಎಲ್ಲಿ ಹೋದನೆಂದು ಹುಡುಕಬೇಕಾಗುತ್ತಿತ್ತು. ಆಗ ನನಗೆ ನನ್ನದೇ ಒಂದು ದಾರಿ ಹೊಳೆಯಿತು. ಚೆಂಡಿದ್ದವನನ್ನು ನೋಡುವುದನ್ನು ಬಿಟ್ಟು, ಚೆಂಡಿಲ್ಲದವನು ಏನು ಮಾಡುತ್ತಾನೆಂದು ನೋಡಬೇಕು. ಬಸ್ಸಿನಲ್ಲಿ ನಾನು ನೋಡುವುದೂ ಅದನ್ನೇ. ಕೊನೆಯ ಸ್ಟಾಪಿನಲ್ಲಿ ಇಳಿಯುವವನೂ ಬಾಗಿಲ ಕಂಬ ಹಿಡಿದು ನಿಂತುಬಿಡುತ್ತಾನೆ. "ಒಳಗ ಸರೀರಿ, ಒಳಗ ಸರೀರಿ" ಎಂದು ಗಂಟಲು ಹರಿದುಕೊಂಡರೂ ಅಲುಗುವುದಿಲ್ಲ. ಇನ್ನು ಕೆಲವರು ಹೇಳುವ ಮೊದಲೇ ಒಳಗೆ ಸರಿದು ಹಿಂದಿನವರಿಗೆ ಜಾಗ ಮಾಡುತ್ತಾರೆ. ಎಂಟನೇ ನಂಬರಿನವನು ಅಂಥವನು. ಚೆಂಡು ಕೊಟ್ಟ ಕೂಡಲೇ ಖಾಲಿ ಜಾಗಕ್ಕೆ ಓಡುತ್ತಿದ್ದ. ಅವನ ಹಿಂದೆ ಇಬ್ಬರು ಎದುರಾಳಿಗಳು ಓಡುತ್ತಿದ್ದರು, ಆ ಸಂದಿನಲ್ಲಿ ಬೀಗರಿಗೆ ಊಟ ಬಡಿಸಿ ಆಗುತ್ತಿತ್ತು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ ಎಂದು ನಾನು ಅಣ್ಣನ ಜತೆ ವಾದ ಹೂಡುತ್ತಿದ್ದೆ.

"ಅಂಕ ಬರದವನ್ನ ಇಟ್ಕೊಂಡು ಏನು ಮಾಡ್ತಿ?" ಎನ್ನುವನು ಅವನು.

"ಮುಂದಿನ ವರ್ಷ ಬರ್ತಾವ ನೋಡು," ಎನ್ನುವೆ ನಾನು. ಒಂದು ವರ್ಷ ನಿಜವಾಗಿಯೂ ಬಂದವು. ಆ ವರ್ಷ ನಾನು ಜೋಕಾಲಿಯಲ್ಲಿ ಕೂತು, ಅಣ್ಣ ಸುಸ್ತಾಗುವವರೆಗೂ ಇಳಿಯಲಿಲ್ಲ.

ಪಾಲು ಹಾಕುವುದು ವರ್ಷ ಹೋದಂತೆ ಅಣ್ಣನಿಗೆ ವ್ರತವೇ ಆಯಿತು. ಆಷಾಢ ಬಂತೆಂದರೆ ಪಡಸಾಲೆಯ ಮೂಲೆಯಲ್ಲಿ ಮೂರು ತಾಟು. ಒಂದು ಚೀಟಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಊಟಕ್ಕೆ ತಾಟು ಸಾಲುವುದಿಲ್ಲವೆಂದು ಅಣ್ಣನ ಹೆಂಡತಿ, ನಮ್ಮ ವೈನಿ, ಗೊಣಗುತ್ತಿದ್ದಳು. ನನಗೆ ಫೋನ್ ಮಾಡಿ, "ಬೀಗರ ಜೋಡಿ ಯಾರನ್ನ ಹಾಕ್ಲಿ? ಮದುಮಗನ್ನ ಹಾಕಿದ್ರ ಭಾಳ ಆಗ್ತದ, ಹಾಕದಿದ್ರ ಕಡಿಮಿ ಆಗ್ತದ," ಎಂದು ಒದ್ದಾಡುವನು. ಇಷ್ಟು ನ್ಯಾಯವಾಗಿ ತೂಗುವ ಮನುಷ್ಯ ನಮ್ಮ ಅಣ್ಣ ಎಂದು ನನಗೆ ಹೆಮ್ಮೆ. ಡಿಪೋದಲ್ಲಿ ಎಲ್ಲರ ಮುಂದೆಯೂ ಹೇಳುತ್ತಿದ್ದೆ.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಂಚಮಿ. ಅಣ್ಣ ಫೋನ್ ಮಾಡಿ ಕರೆದ. ತಾಟು ತಯಾರಿದೆ ಎಂದ. ಹಾಗೆಯೇ, "ಹಬ್ಬದ ಮರುದಿನ ನೋಂದಣಿ ಕಚೇರಿಗೆ ಹೋಗಿ ಒಂದು ಸಹಿ ಹಾಕಿ ಹೋಗ್ರಿ, ಹೊಲ ನನ್ನ ಹೆಸರಿಗಿ ಆಗ್ಬೇಕಲ್ಲ. ಸೀರಿ ತಂದೇನಿ, ಉಡಿ ತುಂಬಿ ಕಳಸ್ತೇನಿ," ಎಂದ. ಅದೇ ದನಿಯಲ್ಲಿ, ಅದೇ ಪ್ರೀತಿಯಲ್ಲಿ. ನಾನೂ "ಹೂಂ" ಅಂದೆ. ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಹೀಗೆಯೇ ಸಹಿ ಹಾಕಿ ಬರುತ್ತಾರೆ.

ಆ ದಿನವೇ ತಂಗಿಯ ಫೋನ್ ಬಂತು.

"ಅಕ್ಕಾ, ನೀ ಸಹಿ ಹಾಕ್ತೀ ಏನು?"

"ಎಲ್ಲಾರೂ ಹಾಕ್ತಾರಲ್ಲ."

"ಖಾನಾವಳಿ ಮನಿ ಮಾಲಕ ದೀಪಾವಳಿ ಒಳಗ ಖಾಲಿ ಮಾಡ್ರಿ ಅಂದಾನ. ಅಪ್ಪನ ಹೊಲದಾಗ ನನಗೊಂದು ತುಂಡು ಬಂದಿದ್ರ, ಅದನ್ನ ಮಾರಿ ಇಲ್ಲೇ ಒಂದು ಜಾಗಾ ಹಿಡೀತಿದ್ದೆ. ರೊಟ್ಟಿ ಬಡಿಯೂದು ಬಿಟ್ರ ನನಗ ಬ್ಯಾರೆ ಏನು ಬರ್ತದ?"

"ಅಣ್ಣಗ ಹೇಳು ಮತ್ತ."

"ಹೆಂಗ ಹೇಳ್ಲಿ? ಕೇಳಿದ್ರ ತವರಮನಿ ಹೋಗ್ತದ, ಕೇಳದಿದ್ರ ಖಾನಾವಳಿ ಹೋಗ್ತದ."

ನನಗೆ ಭಯವಾಯಿತು. ಹೊಲ ಕೇಳಿದ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪಂಚಮಿಗೆ ಎಲ್ಲರೂ ಚೀಲ ತುಂಬಿಕೊಂಡು ಬಸ್ಸು ಹತ್ತುವಾಗ ಅಂಥವರು ಮನೆಯಲ್ಲೇ ಉಳಿಯುತ್ತಾರೆ.

ಹಬ್ಬದ ದಿನ ಆಳಂದದ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳಿನ ಉಂಡಿ, ಜೋಳದ ಅಳ್ಳು ಎಲ್ಲ ಇತ್ತು. ಊಟ ಮುಗಿದ ಮೇಲೆ ಅಣ್ಣ ಜಮಖಾನ ಹಾಸಿ ಮೂರು ತಾಟು ಇಟ್ಟ. ಆ ವರ್ಷದ ಪಾಲು ಎಷ್ಟು ಚೆನ್ನಾಗಿತ್ತೆಂದರೆ, ನಾನು ಎಷ್ಟು ಹೊರಳಿಸಿ ನೋಡಿದರೂ ಹೆಚ್ಚಿನದು ಯಾವುದೆಂದು ತಿಳಿಯಲಿಲ್ಲ. ತಂಗಿ ಬಹಳ ಹೊತ್ತು ನೋಡಿದಳು.

"ಬೀಗರಿದ್ದ ತಾಟಿನ್ಯಾಗ ಆ ಮುದುಕ ಕ್ಯಾಪ್ಟನ್ನ ಯಾಕ ಹಾಕಿದಿ ಅಣ್ಣಾ?"

"ಚಲೋ ಚಲೋ ಮಂದಿ ಎಲ್ಲಾ ಒಂದೇ ಕಡಿ ಹಾಕಿದ್ರ ಉಳಿದವರಿಗಿ ಅನ್ಯಾಯ ಆಗ್ತದಲ್ಲ ಬೇ."

"ಮೂರೂ ಬರೋಬರಿ ಅದಾವ. ಯಾವುದು ಎತ್ಕೊಂಡ್ರೂ ಯಾರಿಗೂ ಲುಕ್ಸಾನಿಲ್ಲ. ಇದನ್ನ ಮಾಡಾಕ ಎಷ್ಟು ದಿನ ಹಿಡೀತು?"

"ಆಷಾಢ ಪೂರ್ತಿ," ಎಂದ ಅಣ್ಣ, ಮೀಸೆಯಲ್ಲೇ ನಗುತ್ತಾ.

"ಅಪ್ಪನ ಹೊಲಕ್ಕ ಎಷ್ಟು ದಿನ ಹಿಡೀತು?"

ಅವಳು ದನಿ ಏರಿಸಲಿಲ್ಲ, ಅಳಲಿಲ್ಲ. ತಾಟು ನೋಡುತ್ತಲೇ ಕೇಳಿದಳು. ಹಾಳು ಕುತೂಹಲ ನೋಡಿ, ಆ ಹೊತ್ತಿನಲ್ಲೂ ನಾನು ಅಣ್ಣನ ಮುಖವನ್ನೇ ನೋಡುತ್ತಿದ್ದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆ ಪ್ರಶ್ನೆಯನ್ನು ತನಗೆ ಯಾರಾದರೂ ಕೇಳಬಹುದೆಂದೇ ಅವನಿಗೆ ತಿಳಿದಿರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು.

"ಅದು ಬ್ಯಾರೆ, ಇದು ಬ್ಯಾರೆ," ಎಂದ.

"ಹೆಂಗ ಬ್ಯಾರೆ?" ಎಂದಳು ಅವ್ವ.

ಅಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಬ್ಬದ ದಿನ ಇದೆಲ್ಲ ಯಾಕೆ ಎಂದು ವೈನಿ ಗೊಣಗಿ ಒಳಗೆ ನಡೆದಳು. ಆ ವರ್ಷ ಯಾರೂ ಜೋಕಾಲಿ ಹತ್ತಲಿಲ್ಲ, ಯಾರೂ ತಾಟು ಎತ್ತಿಕೊಳ್ಳಲಿಲ್ಲ. ಮರುದಿನ ಅಣ್ಣ ಬೆಳಿಗ್ಗೆಯೇ ಅಂಗಡಿಗೆ ಹೋದ. ಸಹಿಯ ಮಾತು ಎತ್ತಲಿಲ್ಲ. ನಾವಿಬ್ಬರೂ ಕಲಬುರಗಿಯವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ನಾನು ತಂಗಿಯ ಮೇಲೆ ಹರಿಹಾಯ್ದೆ. "ಹಬ್ಬದ ದಿನಾನೇ ಬೇಕಾಗಿತ್ತೇನು ಇದು? ತಾಟು ಮುಂದಿಟ್ಕೊಂಡು?"

"ಮತ್ತ ಯಾವಾಗ ಕೇಳ್ಲಿ ಅಕ್ಕಾ? ತಾಟು ಮುಂದಿದ್ದಾಗ ಕೇಳಿದ್ರೇ ಅವಗ ತಿಳೀತದ," ಎಂದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಅಲ್ಲಿ ಆಟ ಶುರುವಾಯಿತು. ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲೂ ಬರಲಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ. ಮೊದಲ ಆಟದಲ್ಲೇ ಬೀಗರು ಎರಡು ಗೋಲು ಹೊಡೆದರು. ಅವರು ಯಾರ ಪಾಲಿನವರೂ ಅಲ್ಲ, ಖುಷಿ ಪಡಬೇಕಾದವರು ಯಾರು? ಮೊಬೈಲ್ ಆರಿಸಿ ಚೀಲಕ್ಕೆ ಹಾಕಿದೆ. ಅಣ್ಣನ ಮೇಲೂ ಸಿಟ್ಟು, ತಂಗಿಯ ಮೇಲೂ ಸಿಟ್ಟು, ಇಬ್ಬರ ನಡುವೆ ಒಂದು ಮಾತೂ ಆಡಲಾಗದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಆ ದಿನಗಳಲ್ಲಿ ನನ್ನ ಬಸ್ಸು ಹತ್ತಿದವರು ಸುಮ್ಮಸುಮ್ಮನೆ ನನ್ನಿಂದ ಬೈಸಿಕೊಂಡರು ಪಾಪ.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ, ಅಫಜಲಪುರ ನಿಲ್ದಾಣದಲ್ಲಿ ಜೇವರ್ಗಿ ಕಡೆಯ ಬಸ್ಸು ಹೊರಡುವುದಿತ್ತು. ಮಂದಿ ಹತ್ತುತ್ತಿದ್ದರು. ಅಣ್ಣನ ಫೋನ್ ಬಂತು. ಹೇಗಿದ್ದೀ ಎಂದೂ ಕೇಳಲಿಲ್ಲ.

"ಬಾವಿ ಯಾವ ಪಾಲಿಗಿ ಹಾಕ್ಲಿ?"

"ಯಾವ ಬಾವಿ?"

"ನಮ್ಮ ಹೊಲದ್ದು. ಎರಿ ಭೂಮಿ ಜೋಡಿ ಹಾಕಿದ್ರ ಆ ಪಾಲು ಭಾಳ ಆಗ್ತದ, ತಂಗಿ ಅದನ್ನೇ ಎತ್ಕೋತಾಳ. ಮಡ್ಡಿ ಜೋಡಿ ಹಾಕಿದ್ರ ಎರಿ ಇದ್ದವರಿಗಿ ನೀರಿಲ್ಲ. ಭಾಳ ದಿನ ಆತು ನೋಡಾಕತ್ತೇನಿ, ಬರೋಬರಿ ಆಗವಲ್ದು."

ಬಸ್ಸಿನ ಬಾಗಿಲು ಹಿಡಿದು ನಿಂತೆ.

"ಮಡ್ಡಿ ಜೋಡಿ ಹಾಕು ಅಣ್ಣಾ. ನೀರಿದ್ರ ಕಲ್ಲಿನ ಹೊಲಕ್ಕೂ ಒಂದು ಬೆಲಿ ಬರ್ತದ. ಎರಿ ಏನು, ಮಳಿ ಒಂದಾದ್ರ ಸಾಕು, ತೊಗರಿ ಕೊಡ್ತದ."

"ಹಾಂ," ಎಂದ. ಯೋಚಿಸುತ್ತಿದ್ದ. "ರಸ್ತಿ ಕಡೀದು ಬ್ಯಾರೆ ಒಂದು ಪಾಲು ಆಗ್ತದ ಹಂಗಾದ್ರ."

ನನಗೆ ನಗು ಬಂತು. "ನಿನಗೊಂದು, ತಂಗಿಗೊಂದು. ಎರಡು ಪಾಲು ಮಾಡಾಕ ಇಷ್ಟು ತ್ರಾಸ ಏನು?"

"ಎರಡು ಎಲ್ಲಿ ಬೇ? ಮೂರು."

"ಅವ್ವಂದೂ ಹಿಡದು?"

"ಅವ್ವ ತನಗ ಬ್ಯಾಡ ಅಂದಾಳ. ನಿಂದು ಹಿಡದು ಮೂರು. ಆಕಿ ಎತ್ಕೊಂಡ ಮ್ಯಾಲ ನೀ ಎತ್ಕೋ. ಉಳಿದದ್ದು ನನಗ."

ಅಷ್ಟು ದಿನ ನಾನು ತಂಗಿಯ ಪಾಲಿನದೇ ಚಿಂತೆ ಮಾಡಿದ್ದೆ. ನಾನೂ ಅದೇ ಅಪ್ಪನ ಮಗಳು, ಆ ಹೊಲದಲ್ಲಿ ನನಗೂ ಒಂದು ಪಾಲಿದೆ ಎಂಬುದು ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಕಣ್ಣೀರು ತಡೆಯಲಾಗಲಿಲ್ಲ. ಒರೆಸಿಕೊಳ್ಳಲು ಹೋದರೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟಿಕೆಟ್ ಮಷಿನ್ನು. ಆಧಾರ್ ಕಾರ್ಡ್ ಮುಂದೆ ಚಾಚಿ ನಿಂತಿದ್ದ ಮುದುಕಿಯೊಬ್ಬಳು ಕಾರ್ಡ್ ಕೆಳಗಿಳಿಸಿ ನನ್ನ ಮುಖ ನೋಡಿದಳು.

"ಯಾಕ್ರಿ ಯವ್ವಾ, ಏನಾತ್ರಿ?"

"ಏನಿಲ್ರಿ. ನಮ್ಮಣ್ಣ ಫೋನ್ ಮಾಡ್ಯಾನ," ಎಂದು ಹೇಳಿ ಅವಳ ಟಿಕೆಟ್ ಹರಿದು ಕೊಟ್ಟೆ.